ಗೆಟ್ಟಿಸ್‌ಬರ್ಗ್‌ಗೆ ಹೋಗೋಕ್ ಮುಂಚೆ ಒಂದ್ಸಲ ಬೇಗೂರಿಗೆ ಹೋಗ್ಬನ್ನಿ

ಮಕ್ಕಳು ನ್ಯೂಜೆರ್ಸಿಲಿರೋ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆಲ್ಲ ಒಂದು ರೂಟ್ ಫಿಕ್ಸ್ ಆಗೇ ಇರುತ್ತೆ ನೋಡಿ. ಮೊದಲ್ನೇ ವಾರ ಮಧ್ಯರಾತ್ರಿ ಎರಡು ಗಂಟೆಗೆ ಎದ್ದು ಕಾಫಿ ಮಾಡ್ಕೊಂಡು ಕೂರೋದು, ಆಮೇಲೆ ನಯಾಗರ, ಆಮೇಲೆ ಯಾವ್ದಾದ್ರೂ ಲಾಂಗ್ ವೀಕೆಂಡ್ ಸಿಕ್ಕಿದ್ರೆ ಪಿಟ್ಸ್‌ಬರ್ಗ್ ವೆಂಕಟೇಶ್ವರನ ದರ್ಶನ. ಆ ಪಿಟ್ಸ್‌ಬರ್ಗ್ ದಾರಿಲೇ, ಹ್ಯಾರಿಸ್‌ಬರ್ಗ್ ಹತ್ರ ಟರ್ನ್‌ಪೈಕ್ ಅನ್ನೋ ಹೈವೇ ಬಿಟ್ಟು ದಕ್ಷಿಣಕ್ಕೆ ಒಂದು ಗಂಟೆ ಇಳಿದ್ರೆ ಗೆಟ್ಟಿಸ್‌ಬರ್ಗ್ ಸಿಗುತ್ತೆ, ಅಮೆರಿಕದ ಅಂತರ್ಯುದ್ಧದಲ್ಲಿ ಅತಿ ಹೆಚ್ಚು ಸಾವು ನೋವು ಆದ ಕಾಳಗದ ಜಾಗ. 1863 ಜುಲೈ 1, 2, 3, ಮೂರೇ ದಿನ. ಎರಡೂ ಕಡೆ ಸೇರಿ ಸತ್ತವರು, ಗಾಯ ಆದವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲ ಲೆಕ್ಕ ಹಾಕಿದ್ರೆ ಸುಮಾರು 51,000 ಜನ. ಊರಿನ ಜನಸಂಖ್ಯೆ ಆಗ ಬರೀ 2,400.

ನಾವು ಮೊದಲ್ನೇ ಸಲ ಹೋದಾಗ ಇದ್ಯಾವ್ದೂ ಓದ್ಕೊಂಡಿರ್ಲಿಲ್ಲ, ಅಳಿಯಂದ್ರು "ದಾರಿಲೇ ಇದೆ ಅತ್ತೆ, ನೋಡ್ಕೊಂಡ್ ಹೋಗೋಣ" ಅಂದ್ರು, ಸರಿ ಅಂದ್ವಿ. ಇಳಿದು ನೋಡಿದ್ರೆ ಒಂದು ದೊಡ್ಡ ಹೊಲ, ಮರದ ಬೇಲಿ, ನಾಲ್ಕು ಫಿರಂಗಿ, ಕುದುರೆ ಮೇಲೆ ಕೂತಿರೋ ಒಬ್ಬ ಗಡ್ಡದವ್ರು. ನಮ್ಮನೆಯವ್ರು "ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ, ಹೊಸಕೋಟೆ ಆಚೆ ಹೋಗಿದ್ರೆ ಇದಕ್ಕಿಂತ ಒಳ್ಳೆ ಹೊಲ ಸಿಗ್ತಿತ್ತು" ಅಂದು ಕಾರಲ್ಲಿ ಹೋಗಿ ಮಲಗಿಬಿಟ್ರು. ನಾನು ಫಿರಂಗಿ ಪಕ್ಕ ಒಂದು ಫೋಟೊ ತೆಗೆಸ್ಕೊಂಡೆ, ಐಸ್‌ಕ್ರೀಮ್ ತಿಂದ್ವಿ, ಹೊರಟ್ವಿ. ಆ ಗಡ್ಡದವ್ರು ಸೋತ ಕಡೆಯ ಸೇನಾಪತಿ ರಾಬರ್ಟ್ ಲೀ ಅಂತ ಕೂಡ ಗೊತ್ತಾಗಿದ್ದು ವಾಪಸ್ ಬಂದ್ಮೇಲೆ. ಎರಡು ವರ್ಷ ಬಿಟ್ಟು ಮತ್ತೆ ಹೋದಾಗ ಬೆಂಗಳೂರಲ್ಲೇ ತಯಾರಿ ಮಾಡ್ಕೊಂಡು ಹೋದೆ, ಇಡೀ ದಿನ ಸಾಕಾಗ್ಲಿಲ್ಲ. ಹೋಗೋರಿದ್ರೆ ಹೇಗೆ ಹೋಗ್ಬೇಕು ಅಂತ ನಂಗೆ ತಿಳಿದಷ್ಟು ಬರೀತೀನಿ. ನಾನು ಮೂವತ್ತು ವರ್ಷ ಬ್ಯಾಂಕಲ್ಲಿ ಲೆಡ್ಜರ್ ಬರೆದವ್ಳು, ಹಿಸ್ಟರಿ ಪ್ರೊಫೆಸರ್ ಅಲ್ಲ, ಆ ಲೆಕ್ಕದಲ್ಲೇ ಓದ್ಕೊಳ್ಳಿ.

ಮೊದ್ಲು ಯಾಕೆ ಹೊಡೆದಾಡಿದ್ರು ಅನ್ನೋದು. ಇದನ್ನ ಹತ್ತು ನಿಮಿಷದಲ್ಲಿ ಮುಗಿಸ್ಬಹುದು, ತುಂಬ ಎಳೀಬೇಡಿ. 1860ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹತ್ರ ಹತ್ರ 40 ಲಕ್ಷ ಜನ ಗುಲಾಮರಾಗಿದ್ರು, ಹತ್ತಿ ಬೆಳೀತಿದ್ದಿದ್ದೇ ಅವರ ಬೆವರಿಂದ. ಗುಲಾಮಗಿರಿ ಇನ್ನೂ ಹರಡ್ಬಾರ್ದು ಅಂತಿದ್ದ ಲಿಂಕನ್ ಆ ವರ್ಷ ಎಲೆಕ್ಷನ್ ಗೆದ್ದ, ಒಂದೊಂದಾಗಿ 11 ರಾಜ್ಯ ಬೇರೆ ಆಗ್ತೀವಿ ಅಂತ ಹೊರಟ್ವು, 1861ರಲ್ಲಿ ಯುದ್ಧ ಶುರು, 1865ರಲ್ಲಿ ಮುಗೀತು, 6 ಲಕ್ಷಕ್ಕೂ ಮೇಲೆ ಸೈನಿಕರು ಹೋದ್ರು. ಗುಂಡೇಟಿಗಿಂತ ಜ್ವರ ಭೇದಿಗೆ ಸತ್ತೋರೇ ಜಾಸ್ತಿ. ಅಲ್ಲಿ ಯಾರಾದ್ರೂ "ಅದು ರಾಜ್ಯಗಳ ಹಕ್ಕಿನ ಜಗಳ, ಗುಲಾಮಗಿರಿಗೂ ಅದಕ್ಕೂ ಸಂಬಂಧ ಇಲ್ಲ" ಅಂದ್ರೆ ತಲೆಯಾಡಿಸಿ ಮುಂದೆ ಹೋಗಿ, ಮಿಸಿಸಿಪಿಯವ್ರು ಬೇರೆ ಆಗೋವಾಗ ತಾವೇ ಬರೆದ ಪತ್ರದಲ್ಲಿ ಗುಲಾಮಗಿರಿ ಉಳಿಸ್ಕೊಳ್ಳೋಕೇ ಹೋಗ್ತಿದೀವಿ ಅಂತ ಮುಚ್ಚುಮರೆ ಇಲ್ದೆ ಬರ್ಕೊಂಡಿದಾರೆ.

ನಮಗೇನು ಇದರಿಂದ ಅಂತೀರಾ? ನಮ್ಮತ್ತೆ ಕಡೆಯವ್ರು ಧಾರವಾಡದವ್ರು, ಅವ್ರಿಗೆ ನಾನು ಈ ಕಥೆ ಹೇಳಿದಾಗ ಕಣ್ಣರಳಿಸಿದ್ರು. ಯುದ್ಧದಲ್ಲಿ ಉತ್ತರದವ್ರು ದಕ್ಷಿಣದ ಬಂದರುಗಳನ್ನ ಮುಚ್ಚಿಸಿದ್ರಿಂದ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ನಿಂತೋಯ್ತು, ಆಗ ಎಲ್ರೂ ಓಡಿ ಬಂದಿದ್ದು ಇಂಡಿಯಾ ಹತ್ತಿಗೆ. ಧಾರವಾಡ ಕಡೆ ಅದಕ್ಕೂ ಇಪ್ಪತ್ತು ವರ್ಷ ಮುಂಚಿನಿಂದ ಅಮೆರಿಕನ್ ತಳಿ ಹತ್ತಿ ಬೆಳೆಸ್ತಿದ್ರು, ಕುಮಟಾ ಬಂದರಿಂದ ಹತ್ತಿ ಹೋಗ್ತಿತ್ತು, ರೇಟು ಆಕಾಶಕ್ಕೇರ್ತು. 1865ರಲ್ಲಿ ಅಲ್ಲಿ ಯುದ್ಧ ನಿಂತಿದ್ದೇ ತಡ ಇಲ್ಲಿ ರೇಟು ಬಿದ್ದು ಬಾಂಬೆಲಿ ಎಷ್ಟೋ ಬ್ಯಾಂಕು ದಿವಾಳಿ. ಆ ಹೊಲದಲ್ಲಿ ಹಾರಿದ ಗುಂಡು ಧಾರವಾಡದ ರೈತನ ಮನೆ ಲೆಕ್ಕಕ್ಕೂ ತಗುಲಿದೆ.

ಈಗ ತಯಾರಿ. ಒಂದು ಹಾಳೆ ತಗೊಂಡು ಮೀನು ಹಿಡಿಯೋ ಗಾಳ ಬರೀರಿ, ಬಾಗಿರೋ ಭಾಗ ಮೇಲೆ, ಉದ್ದ ಕಡ್ಡಿ ಕೆಳಗೆ. ಅದೇ ಎರಡನೇ ದಿನದಿಂದ ಯೂನಿಯನ್ ಸೈನ್ಯ, ಅಂದ್ರೆ ಉತ್ತರದವ್ರು ನಿಂತಿದ್ದ ಸಾಲು. ಗಾಳದ ಮೊನೆ ಹತ್ರ ಕಲ್ಪ್ಸ್ ಹಿಲ್, ಬಾಗಿರೋ ಕಡೆ ಸೆಮೆಟ್ರಿ ಹಿಲ್, ಕಡ್ಡಿ ಉದ್ದಕ್ಕೂ ಸೆಮೆಟ್ರಿ ರಿಜ್, ದಾರ ಕಟ್ಟೋ ತುದೀಲಿ ಲಿಟಲ್ ರೌಂಡ್ ಟಾಪ್ ಅನ್ನೋ ಗುಡ್ಡ. ಆ ಗಾಳದ ಎಡಕ್ಕೆ, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಇನ್ನೊಂದು ಉದ್ದ ಗೆರೆ ಎಳೀರಿ, ಅದು ಸೆಮಿನರಿ ರಿಜ್, ಅಲ್ಲಿ ಕಾನ್ಫೆಡರೇಟ್‌ನವ್ರು, ದಕ್ಷಿಣದವ್ರು. ರಿಜ್ ಅಂದ್ರೆ ಬೆಟ್ಟ ಅಂದ್ಕೋಬೇಡಿ, ನಮ್ಮ ಕಡೆ ದಿಣ್ಣೆ ಅಂತೀವಲ್ಲ ಅಷ್ಟೇ, ಕಾರಲ್ಲಿ ಹೋದ್ರೆ ಗೊತ್ತೂ ಆಗಲ್ಲ.

ಗಾಳದ ಲಾಭ ಏನಪ್ಪ ಅಂದ್ರೆ, ಒಳಗಿರೋರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಡ್ಡಡ್ಡ ಓಡಿ ಸಹಾಯಕ್ಕೆ ಹೋಗ್ಬಹುದು, ಹೊರಗಿರೋರು ಸುತ್ಕೊಂಡು ಬರ್ಬೇಕು. ಸಿಲ್ಕ್ ಬೋರ್ಡಿಂದ ಹೆಬ್ಬಾಳಕ್ಕೆ ಔಟರ್ ರಿಂಗ್ ರೋಡಲ್ಲಿ ಹೋಗಿ ಗೊತ್ತಿರೋರಿಗೆ ಇದನ್ನ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಲೀ ಹತ್ರ ಸುಮಾರು 70,000ಕ್ಕೂ ಮೇಲೆ ಜನ ಇದ್ರು, ಎದುರಿಗಿದ್ದ ಜಾರ್ಜ್ ಮೀಡ್ ಹತ್ರ 90,000 ಮೇಲೆ. ಕಮ್ಮಿ ಜನ ಇಟ್ಕೊಂಡು ಉದ್ದ ಸಾಲಲ್ಲಿ ಹೊರಗಡೆಯಿಂದ ಮುತ್ತಿದ್ದು ಲೀ. ಮೀಡ್ ಪಾಪ ಸೇನಾಪತಿ ಪಟ್ಟಕ್ಕೆ ಬಂದು ಮೂರೇ ದಿನ ಆಗಿತ್ತು, ಹೊಸ ಮ್ಯಾನೇಜರ್ ಚಾರ್ಜ್ ತಗೊಂಡ ವಾರದಲ್ಲೇ ಇನ್‌ಸ್ಪೆಕ್ಷನ್ ಬಂದಂಗೆ.

ಇನ್ನೊಂದು ಗೊಂದಲ ಈಗಲೇ ತೀರಿಸ್ಕೊಳ್ಳಿ, ಇಲ್ದಿದ್ರೆ ಅಲ್ಲಿ ಬೋರ್ಡ್ ಓದೋವಾಗ ತಲೆ ಕೆಡುತ್ತೆ. ಆ ಕಾಳಗದಲ್ಲಿ ದಕ್ಷಿಣದವ್ರು ಬಂದಿದ್ದು ಉತ್ತರ ಮತ್ತೆ ಪಶ್ಚಿಮದ ಕಡೆಯಿಂದ, ಉತ್ತರದವ್ರು ಬಂದಿದ್ದು ದಕ್ಷಿಣದಿಂದ! ಲೀ ಸೈನ್ಯ ಆಗಲೇ ಪೊಟೊಮ್ಯಾಕ್ ನದಿ ದಾಟಿ ಪೆನ್ಸಿಲ್ವೇನಿಯಾ ಒಳಗೆ ಮೇಲ್ಗಡೆವರೆಗೂ ಹೋಗ್ಬಿಟ್ಟಿತ್ತು, ಇವ್ರು ಹಿಂದಿನಿಂದ ಅಟ್ಟಿಸ್ಕೊಂಡು ಬಂದ್ರು. ಹತ್ತು ರಸ್ತೆ ಸೇರೋ ಊರು ಅದು, ಅದಕ್ಕೇ ಇಬ್ರೂ ಅಲ್ಲಿ ಡಿಕ್ಕಿ ಹೊಡ್ಕೊಂಡಿದ್ದು. ನಾನು ಹಾಳೆ ಮೇಲೆ ಕೆಂಪು ಇಂಕು, ನೀಲಿ ಇಂಕಲ್ಲಿ ಬಾಣ ಹಾಕ್ಕೊಂಡು ಪರ್ಸಲ್ಲಿಟ್ಕೊಂಡಿದ್ದೆ. ಫೋನಲ್ಲಿರೋ ಮ್ಯಾಪಿಗಿಂತ ಅದೇ ಉಪಯೋಗಕ್ಕೆ ಬಂದಿದ್ದು.

ಇಷ್ಟಾದ್ಮೇಲೆ ಬೇಗೂರು. ಹೊಸೂರು ರೋಡಿಂದ ಒಳಗೆ ಹೋದ್ರೆ ಪಂಚಲಿಂಗೇಶ್ವರ ದೇವಸ್ಥಾನ ಇದೆಯಲ್ಲ, ಅಲ್ಲಿನ ವೀರಗಲ್ಲಿನ ಶಾಸನದಲ್ಲೇ "ಬೆಂಗಳೂರ ಕಾಳಗ" ಅಂತ ಬರೋದು, ನಮ್ಮೂರ ಹೆಸರು ಕಲ್ಲಿನ ಮೇಲೆ ಸಿಗೋ ಹಳೇ ದಾಖಲೆ, ಸುಮಾರು ಕ್ರಿ.ಶ. 900ರದ್ದು. ಗಂಗರ ಕಾಲದ ನಾಗತ್ತರನ ಮಗ ಬುಟ್ಟಣಸೆಟ್ಟಿ ಆ ಕಾಳಗದಲ್ಲಿ ಸತ್ತ ಅಂತ ಅಲ್ಲಿದೆ. ಯಾಕೆ ನೋಡ್ಬೇಕು ಅಂದ್ರೆ, ಗೆಟ್ಟಿಸ್‌ಬರ್ಗಲ್ಲಿ 1,300ಕ್ಕೂ ಹೆಚ್ಚು ಸ್ಮಾರಕ ಇದೆ, ಎಷ್ಟೋ ಒಂದೊಂದು ರೆಜಿಮೆಂಟಿಂದು, ಅಂದ್ರೆ ಕೆಲವು ನೂರು ಸೈನಿಕರ ತುಕಡಿದು, ಅದರಲ್ಲಿ ಬದುಕುಳಿದೋರೇ ಮುಂದೆ ನಿಂತು "ನಾವು ಇಲ್ಲೇ ನಿಂತಿದ್ವಿ" ಅಂತ ನೆಟ್ಟಿರೋ ಕಲ್ಲುಗಳು. ಅವು ಅಲ್ಲಿನ ವೀರಗಲ್ಲು. ಪ್ರತಿಮೆ ಚೆನ್ನಾಗಿದ್ಯಾ ಅಂತ ನೋಡೋ ಅಭ್ಯಾಸ ಬಿಟ್ಟು ಯಾರು, ಎಲ್ಲಿ, ಯಾರ ಪರ, ಎಷ್ಟು ಜನ ಅಂತ ಓದೋ ಅಭ್ಯಾಸ ಬೇಗೂರಲ್ಲೇ ಶುರು ಮಾಡಿ.

ಆಮೇಲೆ ಕಸ್ತೂರ್ಬಾ ರೋಡಿನ ಸರ್ಕಾರಿ ಮ್ಯೂಸಿಯಂ, ತೆಗೆದಿದ್ಯಾ ಅಂತ ವಿಚಾರಿಸ್ಕೊಂಡು ಹೋಗಿ. ಅಲ್ಲಿ ಆತಕೂರಿನ ಕಲ್ಲಿದೆ, ಕ್ರಿ.ಶ. 949-50ರದ್ದು. ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನ ಸೋಲಿಸಿದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೆರನಿಗೆ ರಾಷ್ಟ್ರಕೂಟರ ಕೃಷ್ಣ ಏನು ಬೇಕು ಕೇಳು ಅಂದ್ರೆ ಅವ್ನು ಕೇಳಿದ್ದು ಅರಮನೆಯ ನಾಯಿ ಕಾಳಿನ. ಆ ಕಾಳಿ ಒಂದು ದೊಡ್ಡ ಕಾಡುಹಂದಿ ಮೇಲೆ ಬಿದ್ದು ಎರಡೂ ಸತ್ವು, ನಾಯಿಗೆ ಕಲ್ಲು ನಿಲ್ಸಿ ಪೂಜೆಗೆ ಜಮೀನು ಬಿಟ್ರು. ಹಂದಿ ನಾಯಿ ಎರಡೂ ಆ ಕಲ್ಲಲ್ಲಿ ಕೆತ್ತಿದೆ. ಇದನ್ನ ಮೊಮ್ಮಗನಿಗೆ ಹೇಳಿಟ್ಟಿದ್ದೆ, ಯಾಕಂದ್ರೆ ಗೆಟ್ಟಿಸ್‌ಬರ್ಗಿನ ಓಕ್ ರಿಜ್ಜಲ್ಲಿ 11ನೇ ಪೆನ್ಸಿಲ್ವೇನಿಯಾ ರೆಜಿಮೆಂಟಿನ ಸ್ಮಾರಕದ ಬುಡದಲ್ಲಿ ಸ್ಯಾಲಿ ಅನ್ನೋ ನಾಯಿಯ ಕಂಚಿನ ವಿಗ್ರಹ ಮಲಗಿದೆ. ಮೊದಲ್ನೇ ದಿನ ಅವ್ರ ಸೈನಿಕರು ಹಿಂದೆ ಸರಿದಾಗ ಅದು ಬರ್ದೆ ಸತ್ತೋರು ಗಾಯದೋರ ಪಕ್ಕದಲ್ಲೇ ಉಳ್ಕೊಂಡಿತ್ತಂತೆ. ಜನ ಈಗ್ಲೂ ಅದರ ಮುಂದೆ ನಾಯಿ ಬಿಸ್ಕೆಟ್ ಇಟ್ಟು ಹೋಗ್ತಾರೆ. ನಮ್ಮ ಹುಡ್ಗ ಅಮ್ಮಮ್ಮ ಇದು ಅಮೆರಿಕಾ ಕಾಳಿ ಅಂದು ತನ್ನ ಪಾರ್ಲೆ-ಜಿಲಿ ಒಂದು ಇಟ್ಟ.

ಮೂರನೇ ಜಾಗ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ. ಅದು ಅಂತರ್ಯುದ್ಧ ಅಲ್ಲ ಬಿಡಿ, ಮೈಸೂರು ಬ್ರಿಟಿಷರ ಮೂರನೇ ಯುದ್ಧ, ಆದ್ರೆ ಅಲ್ಲಿ ಗೋಡೆ ಮೇಲೊಂದು ಫಲಕ ಇದೆ, 1791 ಮಾರ್ಚ್ 21ಕ್ಕೆ ಬ್ರಿಟಿಷರು ಈ ಬಿರುಕಿನಿಂದ ನುಗ್ಗಿದ್ರು ಅಂತ. ಒಳಗೆ ಕಾದಾಡಿ ಸತ್ತ ಕಿಲ್ಲೇದಾರ್ ಬಹಾದ್ದೂರ್ ಖಾನ್ ಹೆಸರು ಅದರಲ್ಲಿಲ್ಲ. ಕಲ್ಲು ಯಾರು ನಿಲ್ಸಿದ್ರು, ಯಾವಾಗ ನಿಲ್ಸಿದ್ರು ಅಂತ ಕೇಳ್ಕೊಳ್ಳೋದು ಅಲ್ಲೂ ಬೇಕಾಗುತ್ತೆ. ಲೀ ಕುದುರೆ ಮೇಲಿರೋ ವರ್ಜೀನಿಯಾ ಸ್ಮಾರಕ ನಿಂತಿದ್ದು 1917ರಲ್ಲಿ, ಕಾಳಗ ಮುಗಿದು ಐವತ್ನಾಲ್ಕು ವರ್ಷ ಆದ್ಮೇಲೆ, ಗೆದ್ದೋರ ಕಲ್ಲುಗಳು ಬಹುಪಾಲು ಅದಕ್ಕಿಂತ ಎಷ್ಟೋ ಮುಂಚೇದು.

ಕೊನೇ ತಯಾರಿ ಕಾಲಿಗೆ. ಎಂಜಿ ರೋಡ್ ಮೆಟ್ರೊ ಸ್ಟೇಷನ್ನಿಂದ ಟ್ರಿನಿಟಿ ಸ್ಟೇಷನ್‌ವರೆಗೆ ಫುಟ್‌ಪಾತಲ್ಲಿ ನಡೀರಿ, ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ನಡೀತಾ ನಡೀತಾ ಅಂಗಡಿ, ಮರ, ಪಿಲ್ಲರ್ ಎಲ್ಲ ಇಲ್ಲ ಅಂದ್ಕೊಳ್ಳಿ, ಬರೀ ಬಯಲು, ಟ್ರಿನಿಟಿ ಕಡೆಯಿಂದ ನಿಮ್ಮ ಕಡೆಗೆ ತಿರುಗಿಸಿಟ್ಟ ಫಿರಂಗಿಗಳ ಸಾಲು. ಹನುಮಂತನಗರದ ರಾಮಾಂಜನೇಯ ಗುಡ್ಡನೂ ಒಂದ್ಸಲ ಹತ್ತಿ, ಮೇಲಿರೋನಿಗೆ ಕೆಳಗಿಂದ ಬರೋರು ಎಷ್ಟು ಬೇಗ ಕಾಣ್ತಾರೆ ಮತ್ತೆ ಕೆಳಗಿಂದ ಹತ್ತೋನಿಗೆ ಎಷ್ಟು ಏದುಸಿರು ಬರುತ್ತೆ ಅನ್ನೋದು ಗೊತ್ತಾದ್ರೆ ಲಿಟಲ್ ರೌಂಡ್ ಟಾಪ್ ಅರ್ಧ ಅರ್ಥ ಆದಂಗೆ.

ಅಲ್ಲಿಗೆ ಹೋದ ದಿನ ಮಾಡ್ಬಾರದ ತಪ್ಪು ಅಂದ್ರೆ ಹತ್ರ ಇದ್ದಿದ್ದನ್ನ ಮೊದ್ಲು ನೋಡೋದು. ನಾವು ಮೊದಲ ಸಲ ಮೂರನೇ ದಿನದ ಜಾಗದಿಂದ ಶುರು ಮಾಡಿ ಎರಡನೇ ದಿನಕ್ಕೆ ಬಂದು ಮೊದಲ್ನೇದು ನೋಡ್ಲೇ ಇಲ್ಲ, ಸಿನಿಮಾ ಇಂಟರ್ವಲ್ ಆದ್ಮೇಲೆ ಹೋಗಿ ಕೂತಂಗೆ. ಪಾರ್ಕಿನವ್ರದ್ದೇ ಕಾರಲ್ಲಿ ಸುತ್ತೋ ರೂಟಿದೆ, 16 ಸ್ಟಾಪ್, 24 ಮೈಲಿ, ಅದು ದಿನದ ಕ್ರಮದಲ್ಲೇ ಹೋಗುತ್ತೆ. ಹದಿನಾರಕ್ಕೂ ಇಳೀಬೇಡಿ, ಮಂಡಿ ನೋವು ಬರುತ್ತೆ, ಮನಸ್ಸಲ್ಲೂ ಏನೂ ನಿಲ್ಲಲ್ಲ. ದಿನಕ್ಕೊಂದು ಜಾಗ ಅಂತ ಮೂರು ಆರಿಸ್ಕೊಂಡು ಅಲ್ಲಿ ನಡೀರಿ, ಮಿಕ್ಕಿದ್ದು ಕಾರಿಂದ್ಲೇ ಸಾಕು.

ಮೊದಲ್ನೇ ದಿನಕ್ಕೆ ಮ್ಯಾಕ್‌ಫರ್ಸನ್ ರಿಜ್. ಜುಲೈ 1ರ ಬೆಳಗ್ಗೆ ಯೂನಿಯನ್ ಕಡೆಯ ಜಾನ್ ಬ್ಯೂಫರ್ಡ್‌ನ ಕುದುರೆ ಪಡೆ ಇಲ್ಲಿ ಕುದುರೆಯಿಂದ ಇಳಿದು ನಿಂತ್ಕೊಳ್ತು, ನಾಲ್ಕು ಜನಕ್ಕೆ ಒಬ್ಬ ಕುದುರೆಗಳನ್ನ ಹಿಡ್ಕೊಂಡು ಹಿಂದೆ, ಮಿಕ್ಕಿದ ಮೂವರು ಬಂದೂಕು ಹಿಡ್ಕೊಂಡು ಮುಂದೆ. ಅಂದ್ರೆ ಹಾಜರಿ ಪುಸ್ತಕದಲ್ಲಿರೋ ಸಂಖ್ಯೆ ಬೇರೆ, ಹೊಡೆದಾಡೋಕೆ ಸಿಗೋ ಸಂಖ್ಯೆ ಬೇರೆ. ಅವರ ಕೆಲಸ ಗೆಲ್ಲೋದಲ್ಲ, ಹಿಂದಿನಿಂದ ಕಾಲಾಳು ಬರೋವರೆಗೆ ತಡೆಯೋದು. ಕಾಲಾಳು ಕರ್ಕೊಂಡು ಬಂದ ಜನರಲ್ ರೆನಾಲ್ಡ್ಸ್ ಪಕ್ಕದ ತೋಪಿನ ಅಂಚಲ್ಲಿ ಬಂದ ಸ್ವಲ್ಪ ಹೊತ್ತಿಗೇ ಗುಂಡೇಟಿಗೆ ಸತ್ತ. ಅಲ್ಲೇ ಹತ್ರ ರೈಲ್ವೇ ಕಟ್ ಅಂತ ಇದೆ, ಹಳಿ ಹಾಕೋಕೆ ಅಂತ ದಿಣ್ಣೆ ಕಡಿದು ಅರ್ಧಕ್ಕೆ ಬಿಟ್ಟಿದ್ದ ಗುಂಡಿ. ನಮ್ಮ ಮೆಟ್ರೊ ಗುಂಡಿ ಇದ್ದಂಗೆ. ಮಿಸಿಸಿಪಿ ಸೈನಿಕರು ಇದು ಒಳ್ಳೆ ಮರೆ ಅಂತ ಇಳಿದ್ರು, ಕೆಲವು ಕಡೆ ಎಷ್ಟು ಆಳ ಅಂದ್ರೆ ತಲೆ ಎತ್ತಿ ಗುಂಡು ಹೊಡೆಯೋಕೂ ಆಗ್ತಿರ್ಲಿಲ್ಲ, ಮೇಲೆ ಯೂನಿಯನ್ ಕಡೆಯ ವಿಸ್ಕಾನ್ಸಿನ್‌ನವ್ರು ಬಂದು ನಿಂತ್ರು, ಇನ್ನೂರಕ್ಕೂ ಮೇಲೆ ಜನ ಸೆರೆ ಸಿಕ್ಕಿದ್ರು. ಈಗ ಅದರಲ್ಲಿ ರೈಲು ಓಡುತ್ತೆ, ಇಳೀಬೇಡಿ, ಮೇಲಿಂದ ನೋಡಿ. ಅವತ್ತು ಸಂಜೆ ಹೊತ್ತಿಗೆ ಯೂನಿಯನ್‌ನವ್ರು ಸೋತು ಊರೊಳಗಿಂದ ಓಡಿ ಸೆಮೆಟ್ರಿ ಹಿಲ್ ಸೇರ್ಕೊಂಡ್ರು, ಹಂಗೆ ಹುಟ್ಟಿದ್ದು ನಿಮ್ಮ ಹಾಳೆ ಮೇಲಿನ ಗಾಳ.

ಎರಡನೇ ದಿನಕ್ಕೆ ಎಲ್ರೂ ಲಿಟಲ್ ರೌಂಡ್ ಟಾಪಿಗೆ ಹೋಗ್ತಾರೆ, ರಿಪೇರಿಗೆ ಅಂತ ಎರಡು ವರ್ಷ ಮುಚ್ಚಿದ್ರು, 2024ರಲ್ಲಿ ತೆಗೆದ್ರು, ಈಗ ದಾರಿ ಚೆನ್ನಾಗಿದೆ. ಬಂಡೆ ಮೇಲೆ ಯೂನಿಯನ್ ಸೈನ್ಯದ ಎಂಜಿನಿಯರ್ ವಾರನ್ ನಿಂತು ಪಶ್ಚಿಮಕ್ಕೆ ನೋಡ್ತಿರೋ ವಿಗ್ರಹ ಇದೆ, ಅವ್ನ ಪಕ್ಕ ನಿಂತು ಅವ್ನು ನೋಡ್ತಿರೋ ಕಡೆಗೇ ನೋಡಿ, ಈ ಗುಡ್ಡ ಖಾಲಿ ಬಿಟ್ರೆ ಕೆಟ್ವಿ ಅಂತ ಅವ್ನಿಗೆ ಯಾಕೆ ಅನ್ನಿಸ್ತು ಅಂತ ಪುಸ್ತಕ ಬೇಕಾಗಲ್ಲ. ಎಡ ತುದೀಲಿ ನಿಂತಿದ್ದ ಮೇನ್ ರಾಜ್ಯದ 20ನೇ ರೆಜಿಮೆಂಟಿನ ಚೇಂಬರ್ಲೇನ್ ಕಾಲೇಜ್ ಮೇಷ್ಟ್ರು, ಗುಂಡು ಖಾಲಿಯಾಗ್ತಾ ಬಂದಾಗ ಬಂದೂಕಿನ ತುದಿಗೆ ಸಿಕ್ಕಿಸೋ ಬಯೊನೆಟ್ ಚೂರಿ ಹಿಡ್ಕೊಂಡು ಇಳಿಜಾರಲ್ಲಿ ನುಗ್ಗಿದ್ರು. ಅವರ ಕಲ್ಲು ಮರಗಳ ಮಧ್ಯೆ ಸ್ವಲ್ಪ ಕೆಳಗಿದೆ. ಕೆಳಗೆ ಡೆವಿಲ್ಸ್ ಡೆನ್ ಅಂತ ದೊಡ್ಡ ದೊಡ್ಡ ಬಂಡೆ, ಹುಡುಗ್ರು ರಾಮನಗರದ ಬೆಟ್ಟ ಹತ್ತಿದಂಗೆ ಹತ್ತುತ್ತಾರೆ. ಅಲ್ಲಿ ಎರಡು ಬಂಡೆ ಮಧ್ಯೆ ಒಂದು ಕಲ್ಲುಗೋಡೆ ಇದೆ, ಎಲ್ರೂ ಫೋಟೊ ತೆಗೀತಾರೆ, ಅಲ್ಲಿ ಸತ್ತು ಬಿದ್ದ ಸೈನಿಕನ ಒಂದು ಹಳೇ ಫೋಟೊ ಬಹಳ ಫೇಮಸ್. ಆದ್ರೆ ಅವ್ನು ಸತ್ತಿದ್ದು ಅಲ್ಲಲ್ಲ, ಅಲೆಕ್ಸಾಂಡರ್ ಗಾರ್ಡ್ನರ್ ಕಡೆಯ ಫೋಟೊಗ್ರಾಫರ್‌ಗಳು ಫೋಟೊ ಚೆನ್ನಾಗಿ ಬರ್ಲಿ ಅಂತ ಹೆಣನ ಬೇರೆ ಕಡೆಯಿಂದ ಹೊತ್ಕೊಂಡು ಬಂದು ಮಲಗಿಸಿದ್ದು. ನಂಗೆ ಆ ಜಾಗದಲ್ಲಿ ಫೋಟೊ ತೆಗೆಸ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.

ಆದ್ರೆ ಒಂದೇ ಜಾಗ ನೋಡೋಕೆ ಟೈಮಿದ್ರೆ ನಾನು ಹೇಳೋದು ಲಿಟಲ್ ರೌಂಡ್ ಟಾಪ್ ಅಲ್ಲ, ಸೆಮೆಟ್ರಿ ರಿಜ್ ಮೇಲಿರೋ 1ನೇ ಮಿನೆಸೋಟ ರೆಜಿಮೆಂಟಿನ ಕಲ್ಲು, ಮೇಲೆ ಓಡ್ತಿರೋ ಸೈನಿಕನ ವಿಗ್ರಹ ಇದೆ. ಜುಲೈ 2ರ ಸಂಜೆ ಅಲ್ಲಿ ಯೂನಿಯನ್ ಸಾಲಲ್ಲೊಂದು ಕಡೆ ಖಾಲಿ ಬಿದ್ದಿತ್ತು, ಅಲಬಾಮದ ಇಡೀ ಬ್ರಿಗೇಡ್, ಅಂದ್ರೆ ಹಲವು ರೆಜಿಮೆಂಟ್ ಸೇರಿದ ದಕ್ಷಿಣದವರ ಪಡೆ, ಅದರ ಕಡೆಗೆ ಬರ್ತಿತ್ತು, ಹಿಂದಿನಿಂದ ಪಡೆ ಬರೋಕೆ ಐದು ಹತ್ತು ನಿಮಿಷ ಬೇಕಿತ್ತು. ಜನರಲ್ ಹ್ಯಾನ್ಕಾಕ್ ಕೈಗೆ ಸಿಕ್ಕಿದ್ದು ಇವ್ರೇ. ನುಗ್ಗಿ ಅಂದ, ನುಗ್ಗಿದ್ರು. ಕಲ್ಲಿನ ಮೇಲೆ ಲೆಕ್ಕ ಇದೆ: ಹೋದವರು 262, ಬಿದ್ದವರು 215. ಮಿಕ್ಕಿದ್ದು 47. ನಾನು ಮೂವತ್ತು ವರ್ಷ ಸಾಯಂಕಾಲ ಕ್ಯಾಶ್ ಟ್ಯಾಲಿ ಮಾಡಿದವ್ಳು, ಆ ಕಳೆಯೋ ಲೆಕ್ಕನ ಮನಸ್ಸಲ್ಲೇ ಎರಡು ಸಲ ಮಾಡ್ದೆ. ಐದು ಹತ್ತು ನಿಮಿಷಕ್ಕೆ ಕೊಟ್ಟ ಬೆಲೆ ಅದು.

ಎಲ್ಲ ಕಲ್ಲುಗಳನ್ನೂ ಹಿಂಗೇ ಓದಿ. ಎಷ್ಟೋ ಕಲ್ಲಲ್ಲಿ ಸತ್ತವರು, ಗಾಯ ಆದವರು, ಕಾಣೆ ಆದವರು ಅಂತ ಮೂರು ಲೆಕ್ಕ ಇರುತ್ತೆ. ಕಾಣೆ ಅಂದ್ರೆ ಬಹುಪಾಲು ಸೆರೆ ಸಿಕ್ಕವ್ರು, ಅದು ಜಾಸ್ತಿ ಇದ್ರೆ ಆ ರೆಜಿಮೆಂಟ್ ಓಡೋವಾಗ ಸಿಕ್ಕಿಹಾಕ್ಕೊಂಡಿದೆ ಅಂತ ತಿಳ್ಕೋಬಹುದು. ದೊಡ್ಡ ಕಲ್ಲಿನ ಎಡಕ್ಕೆ ಬಲಕ್ಕೆ ಹುಲ್ಲಲ್ಲಿ ಮೊಣಕಾಲೆತ್ತರದ ಪುಟ್ಟ ಕಲ್ಲುಗಳು ಸಿಗುತ್ತೆ, ಅವು ಆ ರೆಜಿಮೆಂಟಿನ ಸಾಲು ಎಲ್ಲಿಂದ ಎಲ್ಲಿವರೆಗಿತ್ತು ಅಂತ ತೋರ್ಸೋ ಗಡಿಕಲ್ಲು. ಎರಡರ ಮಧ್ಯೆ ಹೆಜ್ಜೆ ಹಾಕಿ ಅಳೆದ್ರೆ ಮುನ್ನೂರು ಜನ ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತ್ರೆ ಎಷ್ಟುದ್ದ ಅಂತ ಗೊತ್ತಾಗುತ್ತೆ. ಬ್ರಿಗೇಡುಗಳ ಲೋಹದ ಫಲಕ ದೂರದಿಂದ್ಲೇ ಗುರುತಿಸ್ಬಹುದು, ಬುಡ ಚೌಕ ಇದ್ರೆ ಯೂನಿಯನ್, ದುಂಡಗಿದ್ರೆ ಕಾನ್ಫೆಡರೇಟ್. ಫಿರಂಗಿ ಬಾಯಿ ಮೇಲಕ್ಕೆ ಮಾಡಿ ನೆಟ್ಟಿದ್ರೆ ಅದು ಸೇನಾಪತಿ ಠಾಣ್ಯ ಇದ್ದ ಜಾಗ. ಮಾಮೂಲಿ ಫಿರಂಗಿಗಳಲ್ಲಿ ಹಸಿರು ಹಿಡಿದಿರೋದು ಕಂಚಿಂದು, ಕಪ್ಪಗಿರೋದು ಕಬ್ಬಿಣದ್ದು. ಬಾಯಿ ಹತ್ರ ಬಗ್ಗಿ ನೋಡಿದ್ರೆ ಎಷ್ಟೋ ಫಿರಂಗಿಗಳ ಅಂಚಲ್ಲಿ ಇಸವಿ, ಪೌಂಡಲ್ಲಿ ತೂಕ, ಪರೀಕ್ಷೆ ಮಾಡಿದ ಇನ್‌ಸ್ಪೆಕ್ಟರ್ ಇನಿಷಿಯಲ್ ಕೂಡ ಕೆತ್ತಿರುತ್ತೆ. ನಮ್ಮನೆಯವ್ರಿಗೆ ಇದು ಎಷ್ಟು ಹಿಡಿಸ್ತು ಅಂದ್ರೆ ಸಿಕ್ಕ ಸಿಕ್ಕ ಫಿರಂಗಿ ಮುಂದೆ ಬಗ್ಗಿ ಓದ್ತಾ ಹೋದ್ರು, ಆ ಸಲ ಕಾರಲ್ಲಿ ಮಲಗ್ಲಿಲ್ಲ.

ಮೂರನೇ ದಿನ ನಡೀಲೇಬೇಕು. ಜುಲೈ 3ರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ದಕ್ಷಿಣದವರ ನೂರೈವತ್ತು ಫಿರಂಗಿ ಶುರು ಮಾಡಿದ್ವು, ಹೊಗೆಯಲ್ಲಿ ಗುಂಡು ಎಲ್ಲಿ ಬೀಳ್ತಿದೆ ಅಂತ ಕಾಣ್ದೆ ಬೇಕಾದಷ್ಟು ಗುಂಡು ದಿಣ್ಣೆ ದಾಟಿ ಹಿಂದೆ ಬಿತ್ತು. ಆಮೇಲೆ ಸುಮಾರು 12,500 ಜನ ಬಯಲಿಗೆ ಇಳಿದ್ರು. ಪಿಕೆಟ್ಸ್ ಚಾರ್ಜ್ ಅಂತಾರೆ. ವರ್ಜೀನಿಯಾ ಸ್ಮಾರಕದಿಂದ ಎದುರಿನ ಕಲ್ಲುಗೋಡೆ ತಿರುವಿನವರೆಗೆ, ಅದನ್ನ ಆ್ಯಂಗಲ್ ಅಂತಾರೆ, ಹುಲ್ಲು ಕತ್ತರಿಸಿ ಕಾಲುದಾರಿ ಮಾಡಿದಾರೆ. ಅಳಿಯಂದ್ರಿಗೆ ಕಾರು ತಗೊಂಡು ಆ ಕಡೆ ಬನ್ನಿ ಅಂತ ಹೇಳಿ ಕಳಿಸಿ, ವಾಪಸ್ ನಡೆಯೋ ಕಷ್ಟ ತಪ್ಪುತ್ತೆ. ದೂರದಿಂದ ಚಪ್ಪಟೆ ಕಾಣೋ ಹೊಲ ಚಪ್ಪಟೆ ಅಲ್ಲವೇ ಅಲ್ಲ, ನಡೀತಾ ನಡೀತಾ ಒಂದು ತಗ್ಗಿಗೆ ಇಳೀತೀರ, ಎದುರಿನ ದಿಣ್ಣೆ ಮಾಯ, ಅಬ್ಬ ಇಲ್ಲಿ ಗುಂಡು ತಾಗಲ್ಲ ಅನ್ಸುತ್ತೆ, ಇನ್ನು ನಾಲ್ಕು ಹೆಜ್ಜೆ ಹತ್ತಿದ್ರೆ ಇಡೀ ಮೈ ಮತ್ತೆ ಬಯಲಿಗೆ. ಆಮೇಲೆ ಎಮಿಟ್ಸ್‌ಬರ್ಗ್ ರೋಡಿನ ಬೇಲಿ. ಗಟ್ಟಿ ಮರದ ಬೇಲಿ, ತಳ್ಳಿದ್ರೆ ಬೀಳಲ್ಲ, ಹತ್ತಿ ಇಳೀಬೇಕು, ಹತ್ತೋವಾಗ ಬೆನ್ನು ಹೊಟ್ಟೆ ಎಲ್ಲ ಎದುರಿನವ್ರಿಗೆ ಗುರಿ. ಅಷ್ಟೊತ್ತಿಗೆ ಎದುರಿನವ್ರು ಫಿರಂಗಿಗೆ ಕ್ಯಾನಿಸ್ಟರ್ ತುಂಬ್ತಿದ್ರು, ಅಂದ್ರೆ ತಗಡಿನ ಡಬ್ಬಿ ತುಂಬ ಕಬ್ಬಿಣದ ಗುಂಡು. ಗೋಡೆ ದಾಟಿದ್ದು ಕೆಲವೇ ನೂರು ಜನ, ಕತ್ತಿ ಮೊನೆಗೆ ಟೋಪಿ ಸಿಕ್ಕಿಸ್ಕೊಂಡು ಮುಂದೆ ಬಂದ ಜನರಲ್ ಆರ್ಮಿಸ್ಟೆಡ್ ಅಲ್ಲೇ ಬಿದ್ದ. ಹೋದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತೋ, ಗಾಯಗೊಂಡೋ, ಸೆರೆ ಸಿಕ್ಕೋ ಹೋದ್ರು, ಒಂದು ಗಂಟೆ ಒಳಗೆ. ನಮ್ಮನೆಯವ್ರು ಹೆಜ್ಜೆ ಎಣಿಸ್ತಾ ಬಂದ್ರು, ಮೊಮ್ಮಗ ನೀರು ಕೇಳಿದ್ದಕ್ಕೆ ಒಂದ್ಸಲ ಲೆಕ್ಕ ತಪ್ತು, ಹತ್ರ ಹತ್ರ ಸಾವಿರದ ಒಂಬೈನೂರು ಅಂದ್ರು. ಐವತ್ತು ವರ್ಷ ಆದ್ಮೇಲೆ, 1913ರಲ್ಲಿ, ಬದುಕಿದ್ದ ಮುದುಕರು ಎರಡೂ ಕಡೆಯವ್ರು ಇದೇ ಗೋಡೆ ಹತ್ರ ಬಂದು ಕೈ ಕುಲುಕಿದ್ರು, ಆ ಫೋಟೊ ಮ್ಯೂಸಿಯಂನವ್ರ ಅಚ್ಚುಮೆಚ್ಚು. ನೋಡೋಕೆ ಚೆಂದವೇ, ಆದ್ರೆ ಆ ರಾಜಿ ಸಂಭ್ರಮದಲ್ಲಿ ಕರಿಯರ ವಿಷ್ಯ ಎಲ್ಲೂ ಇರ್ಲಿಲ್ಲ ಅನ್ನೋದೂ ನೆನಪಿರ್ಲಿ.

ಅದಕ್ಕೇ ಗೋಡೆಯಿಂದ ಎಡಕ್ಕೆ, ಅಂದ್ರೆ ಉತ್ತರಕ್ಕೆ, ಸ್ವಲ್ಪ ನಡೆದು ಏಬ್ರಹಾಂ ಬ್ರಯನ್ ಅನ್ನೋರ ಪುಟ್ಟ ಬಿಳೀ ಮನೆ ನೋಡಿ. ಗುಲಾಮ ಅಲ್ಲದ, ಸ್ವಂತ 12 ಎಕರೆ ಇಟ್ಕೊಂಡಿದ್ದ ಕರಿಯ ರೈತ. ಲೀ ಸೈನ್ಯ ಬರ್ತಿದೆ ಅಂತ ಗೊತ್ತಾದಾಗ ಸುತ್ತಮುತ್ತಲಿನ ಕರಿಯರೆಲ್ಲ ಊರು ಬಿಟ್ಟು ಓಡಿದ್ರು, ಯಾಕಂದ್ರೆ ಸಿಕ್ಕವ್ರನ್ನ ಹಿಡಿದು ದಕ್ಷಿಣಕ್ಕೆ ಗುಲಾಮರಾಗಿ ಸಾಗಿಸ್ತಿದ್ರು. ಬ್ರಯನ್ ವಾಪಸ್ ಬಂದ್ರೆ ಬೆಳೆ ಬೇಲಿ ಮನೆ ಎಲ್ಲ ಹಾಳು. ಸಾವಿರ ಡಾಲರಿಗೂ ಮೇಲೆ ಪರಿಹಾರ ಕೇಳಿದ್ರು, ಸಿಕ್ಕಿದ್ದು 15 ಡಾಲರ್. ಊರೊಳಗೆ ಜೆನ್ನಿ ವೇಡ್ ಮನೆನೂ ಇದೆ, ಬ್ರೆಡ್ಡಿಗೆ ಹಿಟ್ಟು ನಾದ್ತಿದ್ದ ಇಪ್ಪತ್ತು ವರ್ಷದ ಹುಡುಗಿ, ಬಾಗಿಲು ತೂರಿ ಬಂದ ಗುಂಡಿಗೆ ಸತ್ತಳು, ಕಾಳಗದ ಹೊತ್ತಲ್ಲಿ ನೇರ ಗುಂಡೇಟಿಗೆ ಸತ್ತ ಊರಿನವಳು ಅವಳೊಬ್ಳೇ.

ಉಳಿದಿದ್ದು ಸಣ್ಣಪುಟ್ಟ ವಿಷ್ಯ. ಮೈದಾನಕ್ಕೆ ಟಿಕೆಟ್ ಇಲ್ಲ, ಮ್ಯೂಸಿಯಂ ಮತ್ತೆ 1884ರ ಸೈಕ್ಲೊರಾಮ ಚಿತ್ರಕ್ಕೆ ಇದೆ. ಸುತ್ತಲೂ ಗೋಡೆಯಾಗಿ ನಿಲ್ಸಿರೋ 377 ಅಡಿ ಉದ್ದದ ಪೇಂಟಿಂಗ್ ಅದು, ಮೂರನೇ ದಿನದ್ದು, ನಡೆಯೋಕೆ ಆಗದೇ ಇರೋರು ಅದನ್ನ ತಪ್ಪಿಸ್ಬೇಡಿ. ಲೈಸೆನ್ಸ್ ಇರೋ ಗೈಡ್‌ಗಳು ನಿಮ್ಮ ಕಾರಲ್ಲೇ ಕೂತು ಎರಡು ಗಂಟೆ ಸುತ್ತಿಸ್ತಾರೆ, 1915ರಿಂದ ಇದೆ ಈ ಪದ್ಧತಿ, ಕಷ್ಟದ ಪರೀಕ್ಷೆ ಪಾಸ್ ಮಾಡಿ ಬಂದಿರ್ತಾರೆ, ಮುಂಚೇನೇ ಬುಕ್ ಮಾಡಿ. ನಿಮ್ಮ ಮೂರು ಜಾಗ ಯಾವ್ದು ಅಂತ ಮೊದ್ಲೇ ಹೇಳ್ಬಿಡಿ, ಅವ್ರಿಗೂ ಖುಷಿ. ಜುಲೈ ಮೊದಲ ವಾರ ಜನವೋ ಜನ, ಸೆಕೆ ನಮ್ಮ ಮಂಗಳೂರು ತರ, ಅಕ್ಟೋಬರ್ ಒಳ್ಳೇದು. ಹುಲ್ಲಲ್ಲಿ ಉಣ್ಣೆ ಇರುತ್ತೆ, ಅವ್ರು ಟಿಕ್ ಅಂತಾರಲ್ಲ ಅದು, ಕಾಯಿಲೆ ತರುತ್ತೆ, ಸೀರೆ ಬೇಡ, ಪ್ಯಾಂಟು ಕಾಲ್ಚೀಲದೊಳಗೆ ಸೇರ್ಸಿ, ರಾತ್ರಿ ಮೈಯೆಲ್ಲ ನೋಡ್ಕೊಳ್ಳಿ. ನೆಲದಲ್ಲಿ ಹಳೇ ಗುಂಡೋ ಬಟ್ಟೆ ಗುಂಡಿಯೋ ಸಿಕ್ಕಿದ್ರೆ ಎತ್ಕೊಂಡು ಬರೋದು ಅಪರಾಧ. ಡ್ರೋನ್ ಹಾರಿಸೋ ಹಾಗಿಲ್ಲ. ಮೊಸರನ್ನ, ಚಿತ್ರಾನ್ನ ಕಟ್ಕೊಂಡು ಹೋಗಿ, ಪಿಕ್‌ನಿಕ್ ಟೇಬಲ್ ಇದೆ.

ಲಿಂಕನ್ ಭಾಷಣದ ಸ್ಮಶಾನನ ಕೊನೇಗೆ ಇಟ್ಕೊಳ್ಳಿ, ಸೂರ್ಯ ಮುಳುಗೋ ಹೊತ್ತಿಗೆ ಮುಚ್ಚಿಬಿಡ್ತಾರೆ. 1863 ನವೆಂಬರ್ 19ಕ್ಕೆ ಅಲ್ಲಿ ಎವರೆಟ್ ಅನ್ನೋರು ಎರಡು ಗಂಟೆ ಮಾತಾಡಿದ್ರಂತೆ, ಲಿಂಕನ್ ಎರಡು ನಿಮಿಷ. ಮಗಳು ಫೋನಲ್ಲಿ ತೆಗೆದು ನಿಧಾನಕ್ಕೆ ಓದಿದ್ಳು, ನಿಜವಾಗ್ಲೂ ಅಷ್ಟೇ ಹೊತ್ತು. ಆ ಕಾಳಗದಲ್ಲಿ ಸತ್ತೋರಲ್ಲಿ ಅಲ್ಲಿ ಹೂತಿದ್ದು ಯೂನಿಯನ್ ಸೈನಿಕರನ್ನ, ದಕ್ಷಿಣದವ್ರು ಎಂಟು ಹತ್ತು ವರ್ಷ ಹೊಲದ ಗುಂಡಿಗಳಲ್ಲೇ ಇದ್ರು, ಆಮೇಲೆ ಸುಮಾರು 3,000 ಜನರ ಮೂಳೆಗಳನ್ನ ರಿಚ್ಮಂಡಿಗೆ ತಗೊಂಡು ಹೋದ್ರು. ರಾಜ್ಯವಾರು ಅರ್ಧಚಂದ್ರಾಕಾರದಲ್ಲಿ ಸಾಲು ಸಾಲು ಕಲ್ಲು, ಎರಡು ತುದಿಗೆ ಬಂದ್ರೆ ಹೆಸರಿಲ್ಲದೋರು, 979 ಜನ. ಅವರಿಗೆ ನೆಲಮಟ್ಟದಲ್ಲಿ ಅಂಗೈಯಷ್ಟಗಲದ ಚೌಕ ಅಮೃತಶಿಲೆ, ಮೇಲೆ ಬರೀ ಒಂದು ನಂಬರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಬ್ರಾಂಚಲ್ಲಿ ಕ್ಯಾಶ್ ಕೌಂಟರಿಗೆ ಹಿತ್ತಾಳೆ ಟೋಕನ್ ಕೊಡ್ತಿದ್ವಲ್ಲ, ಹಂಗೆ. ನಮ್ಮನೆಯವ್ರು ಬಗ್ಗಿ ಒಂದೊಂದೇ ನಂಬರ್ ಓದ್ತಾ ಮುಂದೆ ಹೋದ್ರು, ಗೇಟ್ ಮುಚ್ತಾರೆ ಬನ್ರೀ ಅಂತ ನಾನು ಎರಡು ಸಲ ಕರೀಬೇಕಾಯ್ತು.